ಕಲ್ಲು ಓದೋಕೆ ಕಲಿಯಿರಿ: ಜಲ್ಲಿ ರಾಶಿಯಿಂದ ಮರಡಿಹಳ್ಳಿವರೆಗೆ

ನಿಮ್ಮ ಬೀದಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಇವತ್ತೇ ಅಲ್ಲಿಗೆ ಹೋಗಿ. ಮೇಸ್ತ್ರಿಯನ್ನು ಕೇಳಿ ನಾಲ್ಕು ಜಲ್ಲಿ ಕಲ್ಲು, ಒಂದು ಹಿಡಿ ಎಂ-ಸ್ಯಾಂಡ್ ತನ್ನಿ. ಹೊಳೆ ಮರಳು ಸಿಕ್ಕರೆ ಅದನ್ನೂ ಒಂದು ಹಿಡಿ ತನ್ನಿ. ದುಡ್ಡು ಕೊಡಬೇಕಿಲ್ಲ, ಯಾರೂ ಬೇಡ ಅನ್ನಲ್ಲ. ಕಲ್ಲಿನ ಬಗ್ಗೆ ಕಲಿಯೋಕೆ ಮೊದಲ ದಿನಕ್ಕೆ ಇಷ್ಟು ಸಾಕು.

ನಮ್ಮಪ್ಪ ಚಿತ್ರದುರ್ಗದ ಕಡೆ ಕಲ್ಲು ಒಡೆಯುತ್ತಿದ್ದರು. ಚಪ್ಪಡಿ ಎಬ್ಬಿಸುತ್ತಿದ್ದರು, ಒರಳು ಕಡೆಯುತ್ತಿದ್ದರು. ನಾನು ಓದಿ ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟೆ. ಅಪ್ಪನಿಗೆ ಅಗ್ನಿಶಿಲೆ, ರೂಪಾಂತರ ಶಿಲೆ ಅನ್ನೋ ಪದಗಳು ಗೊತ್ತಿರಲಿಲ್ಲ. ಆದರೆ ಯಾವುದೇ ಬಂಡೆಯನ್ನು ಸುತ್ತಿಗೆಯಿಂದ ಒಂದು ಸಲ ತಟ್ಟಿ, ಇದು ಎಲ್ಲಿ ಸೀಳುತ್ತೆ, ಎಲ್ಲಿ ಸೀಳಲ್ಲ ಎಂದು ಹೇಳುತ್ತಿದ್ದರು. ನನ್ನ ಮಕ್ಕಳಿಗೆ (ಶಾಲೆಯ ಮಕ್ಕಳನ್ನು ಹಾಗೇ ಕರೆಯೋದು ಅಭ್ಯಾಸ) ಮೂರು ಬಗೆಯ ಶಿಲೆಗಳ ಹೆಸರು ಬಾಯಿಪಾಠ. ಆದರೆ ತಾವು ಕೂತಿರುವ ಜಗುಲಿ ಕಲ್ಲು ಯಾವುದು ಎಂದು ಕೇಳಿದರೆ ಗೊತ್ತಿಲ್ಲ. ಆಮೇಲೆ ನಾನು ಪಾಠ ಮಾಡುವ ಕ್ರಮವನ್ನೇ ತಿರುಗಿಸಿದೆ. ಮೊದಲು ಕೈ, ಹೆಸರು ಕೊನೆಗೆ. ಇಲ್ಲೂ ಅದೇ ಕ್ರಮ.

ಒಂದು ಜಲ್ಲಿಯೊಳಗೆ

ಜಲ್ಲಿ ಕಲ್ಲನ್ನು ತೊಳೆದು ಒಣಗಿಸಿ, ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ದಕ್ಷಿಣ ಕರ್ನಾಟಕದ ಜಲ್ಲಿಯಾದರೆ ಸಾಮಾನ್ಯವಾಗಿ ಮೂರು ವಸ್ತು ಕಾಣುತ್ತವೆ.

ತಿರುಗಿಸುವಾಗ ಒಂದು ಕೋನದಲ್ಲಿ ಕೆಲವು ಕಾಳು ಚಿಕ್ಕ ಕನ್ನಡಿಯ ಹಾಗೆ ಫಳಕ್ ಎನ್ನುತ್ತವೆ. ಬಿಳಿ ಇರಬಹುದು, ನಸುಗೆಂಪು ಇರಬಹುದು. ಅದು ಫೆಲ್ಡ್‌ಸ್ಪಾರ್. ಅದು ಒಡೆಯುವಾಗ ಸಪಾಟಾಗಿ ಒಡೆಯುತ್ತೆ, ಅದಕ್ಕೇ ಆ ಹೊಳಪು. ಪಕ್ಕದಲ್ಲಿ ಬೂದು ಬಣ್ಣದ, ಒದ್ದೆ ಗಾಜಿನ ಚೂರಿನಂಥ ಕಾಳು ಇರುತ್ತೆ. ಎಷ್ಟು ತಿರುಗಿಸಿದರೂ ಅದು ಕನ್ನಡಿಯಂತೆ ಹೊಳೆಯಲ್ಲ. ಅದು ಬೆಣಚು, ಪುಸ್ತಕದಲ್ಲಿ ಕ್ವಾರ್ಟ್ಸ್. ಇನ್ನು ಕಪ್ಪಗೆ, ಪದರ ಪದರವಾಗಿ, ಉಗುರಿನಿಂದ ಎಬ್ಬಿಸಿದರೆ ಹಾಳೆಯಂತೆ ಏಳುವುದು ಅಭ್ರಕ. ನಮ್ಮ ಕಡೆ ಹುಡುಗರು ಕಾಗೆ ಬಂಗಾರ ಅನ್ನುತ್ತಾರಲ್ಲ, ಅದರ ಕರಿ ಬಗೆ.

ಈ ಮೂರು ಒಂದೊಂದೂ ಖನಿಜ. ಮೂರೂ ಸೇರಿ ಆಗಿರುವ ಜಲ್ಲಿ ಶಿಲೆ. ಮಂಡಕ್ಕಿ ಒಗ್ಗರಣೆ ನೆನಪಿಸಿಕೊಳ್ಳಿ. ಮಂಡಕ್ಕಿ, ಕಡಲೆಬೀಜ, ಪುಟಾಣಿ ಇವು ಖನಿಜ ಇದ್ದಂತೆ. ತಟ್ಟೆಯಲ್ಲಿರೋ ಒಗ್ಗರಣೆ ಶಿಲೆ ಇದ್ದಂತೆ. ಖನಿಜಕ್ಕೆ ತನ್ನದೇ ಆದ ರಾಸಾಯನಿಕ ರಚನೆ ಇರುತ್ತೆ, ಒಳಗಿನ ಪರಮಾಣುಗಳು ಒಂದು ಕ್ರಮದಲ್ಲಿ ಜೋಡಿಸಿಕೊಂಡಿರುತ್ತವೆ. ಶಿಲೆಗೆ ಹಾಗೆ ಒಂದೇ ಸೂತ್ರ ಇಲ್ಲ. ಜಗತ್ತಿನಲ್ಲಿ ಸಾವಿರಾರು ಖನಿಜಗಳಿದ್ದರೂ ನಿಮ್ಮ ಕಾಲಿಗೆ ತಾಗುವ ಕಲ್ಲುಗಳಲ್ಲಿ ಹೆಚ್ಚಿನವು ಹತ್ತು ಹನ್ನೆರಡು ಖನಿಜಗಳಿಂದ ಆದವು.

ಕಲಬುರಗಿ, ವಿಜಯಪುರದ ಕಡೆಯವರಿಗೆ ಸಿಗುವ ಜಲ್ಲಿ ಪೂರ್ತಿ ಕಪ್ಪಾಗಿ, ಕಾಳೇ ಕಾಣದಂತೆ ಇರಬಹುದು. ಗಾಬರಿ ಬೇಡ, ಅದು ಬಸಾಲ್ಟ್. ಅದರ ಕಥೆ ಆಮೇಲೆ ಬರುತ್ತೆ.

ಉಗುರು, ಮೊಳೆ, ಗಾಜು

ಬಣ್ಣ ನೋಡಿ ಖನಿಜ ಗುರುತಿಸಬೇಡಿ. ಬಣ್ಣದಷ್ಟು ಮೋಸ ಮಾಡುವುದು ಬೇರೆ ಯಾವುದೂ ಇಲ್ಲ. ಬೆಣಚೊಂದೇ ಬಿಳಿ, ಹಳದಿ, ಗುಲಾಬಿ, ನೇರಳೆ ಎಲ್ಲ ಬಣ್ಣದಲ್ಲೂ ಸಿಗುತ್ತೆ. ಗಡಸುತನ ಮೋಸ ಮಾಡಲ್ಲ. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ವಿಜ್ಞಾನಿ 1ರಿಂದ 10ರವರೆಗೆ ಒಂದು ಪಟ್ಟಿ ಮಾಡಿದ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ವಜ್ರ 10. ಉಳಿದವು ನಡುವೆ. ನಮ್ಮ ಉಗುರು ಸುಮಾರು 2.5, ಕಬ್ಬಿಣದ ಮೊಳೆ ಹೆಚ್ಚು ಕಡಿಮೆ 5, ಕಿಟಕಿ ಗಾಜು 5.5, ಫೆಲ್ಡ್‌ಸ್ಪಾರ್ 6, ಬೆಣಚು 7.

ಮಾಡುವುದು ಸುಲಭ. ಉಗುರಿನಿಂದ ಗೀರಿ. ಗೀರು ಬಿದ್ದರೆ ಮೆತ್ತನೆ ಖನಿಜ. ಬೀಳದಿದ್ದರೆ ಮೊಳೆ ತಗೊಳ್ಳಿ. ಅದಕ್ಕೂ ಬಗ್ಗದಿದ್ದರೆ, ಕಲ್ಲಿನ ಚೂಪು ತುದಿಯಿಂದ ಹಳೇ ಗಾಜಿನ ಬಾಟಲಿ ಮೇಲೆ ಎಳೆಯಿರಿ. ಬಿದ್ದ ಗೆರೆಯನ್ನು ಬೆರಳಿಂದ ಒರೆಸಿ ನೋಡೋದು ಮರೆಯಬೇಡಿ. ಒರೆಸಿದಾಗ ಹೋದರೆ ಅದು ಗೀರಲ್ಲ, ಕಲ್ಲಿನದೇ ಪುಡಿ. ಇಲ್ಲಿ ತಪ್ಪುವವರೇ ಜಾಸ್ತಿ.

ಅಕ್ಕಸಾಲಿಗರ ಒರೆಗಲ್ಲು ನೋಡಿದ್ದೀರಿ ಅಲ್ವಾ? ಚಿನ್ನವನ್ನು ಕರಿ ಕಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡುತ್ತಾರೆ. ಖನಿಜಕ್ಕೂ ಒರೆ ಹಚ್ಚಬಹುದು. ಗೋಡೆಗೆ ಅಂಟಿಸುವ ಬಿಳಿ ಟೈಲ್ಸ್ ಒಂದರ ಹಿಂಭಾಗ, ಅಂದರೆ ನುಣುಪಿಲ್ಲದ ಕಡೆ ತಗೊಂಡು ಅದರ ಮೇಲೆ ಉಜ್ಜಿ. ಹೆಮಟೈಟ್ ಎಂಬ ಕಬ್ಬಿಣದ ಅದಿರು ಹೊರಗೆ ಉಕ್ಕಿನ ಹಾಗೆ ಬೂದಾಗಿದ್ದರೂ ಅದರ ಒರೆ ಮಾತ್ರ ಕೆಮ್ಮಣ್ಣಿನ ಬಣ್ಣ. ಮ್ಯಾಗ್ನಟೈಟ್ ಆದರೆ ಕಪ್ಪು ಒರೆ, ಮೇಲಾಗಿ ಅಯಸ್ಕಾಂತಕ್ಕೆ ಅಂಟುತ್ತೆ. ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಪಳಪಳ ಹೊಳೆಯುವ ಹಳದಿ ಕಲ್ಲು ತಂದು, ಮಿಸ್ ಚಿನ್ನ ಸಿಕ್ಕಿತು ಅನ್ನುತ್ತಿದ್ದ. ನಾನು ಏನೂ ಹೇಳುತ್ತಿರಲಿಲ್ಲ. ಟೈಲ್ಸ್ ಚೂರು ಕೈಗೆ ಕೊಡುತ್ತಿದ್ದೆ. ಹಸಿರುಗಪ್ಪು ಗೆರೆ ಬೀಳುತ್ತಿತ್ತು, ಪೈರೈಟ್. ಚಿನ್ನದ ಒರೆ ಚಿನ್ನದ ಬಣ್ಣವೇ ಇರುತ್ತೆ. ಅವನ ಮುಖ ಒಂದು ನಿಮಿಷ ಸಪ್ಪಗಾಗುತ್ತಿತ್ತು ನಿಜ. ಆದರೆ ಆಮೇಲೆ ತರಗತಿಯ ಎಲ್ಲರ ಕಲ್ಲಿಗೂ ಒರೆ ಹಚ್ಚುವ ಕೆಲಸ ಅವನದೇ.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ಕಲ್ಲನ್ನು ಒಣಗಿಸಿ ತೂಗಿ, ಬರೆದಿಡಿ. ಆಮೇಲೆ ಅರ್ಧ ನೀರಿರುವ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ನೀರಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ಕೈಯಲ್ಲಿ ಹಿಡಿದುಕೊಳ್ಳಿ. ಈಗ ತಕ್ಕಡಿ ತೋರಿಸುವ ಗ್ರಾಂ, ಆ ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. ನನ್ನ ಹತ್ತಿರ ಒಂದು ಬೆಣಚು ಉಂಡೆ ಇದೆ, 212 ಗ್ರಾಂ. ನೀರಲ್ಲಿ ತೂಗುಬಿಟ್ಟಾಗ ತಕ್ಕಡಿ 80 ತೋರಿಸಿತು. 212 ಭಾಗ 80, 2.65. ಬೆಣಚಿಗೆ ಪುಸ್ತಕದಲ್ಲಿರುವ ಸಾಂದ್ರತೆಯೂ ಅಷ್ಟೇ! ಗ್ರಾನೈಟ್ ಅದರ ಹತ್ತಿರ ಹತ್ತಿರ ಬರುತ್ತೆ, ಬಸಾಲ್ಟ್ 3ರ ಆಸುಪಾಸು, ಒಳ್ಳೆಯ ಹೆಮಟೈಟ್ 5 ದಾಟುತ್ತೆ. ಸಂಡೂರಿನ ಅದಿರಿನ ತುಂಡು ಕೈಗೆ ತಗೊಂಡವರು "ಅಬ್ಬಾ ಎಷ್ಟು ಭಾರ" ಅನ್ನೋದು ಇದಕ್ಕೇ.

ಸುಣ್ಣದ ಕಲ್ಲು ಹೌದೋ ಅಲ್ಲವೋ ನೋಡಬೇಕಾದರೆ ಕಲ್ಲನ್ನು ಸ್ವಲ್ಪ ಕೆರೆದು ಪುಡಿ ಮಾಡಿ, ಪುಡಿ ಮೇಲೆ ವಿನಿಗರ್ ಬಿಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಇದೆ. ಶಹಾಬಾದ್ ಕಲ್ಲಿನ ಚೂರಿನಲ್ಲಿ ಮಾಡಿ ನೋಡಿ. ಮನೆಯ ರಂಗೋಲಿ ಪುಡಿಗೂ ಒಂದು ಹನಿ ಬಿಡಿ. ಕೆಲವು ಪುಡಿ ನೊರೆ ಬರುತ್ತೆ, ಕೆಲವು ಸುಮ್ನೆ ಇರುತ್ತೆ, ಯಾಕೆಂದರೆ ಬಿಳಿ ಪುಡಿ ಮಾಡುವ ಕಲ್ಲು ಒಂದೇ ಬಗೆಯದಲ್ಲ. ಬಾತ್‌ರೂಂ ತೊಳೆಯುವ ಆಸಿಡ್ ಮಾತ್ರ ಮುಟ್ಟಬೇಡಿ, ಮಕ್ಕಳಿರುವ ಕಡೆಯಂತೂ ಬೇಡವೇ ಬೇಡ.

ಕೊನೆಗೆ ಕಿವಿ. ಕಲ್ಲನ್ನು ಅಂಗೈ ಮೇಲೆ ಸಡಿಲವಾಗಿ ಇಟ್ಟುಕೊಂಡು ಇನ್ನೊಂದು ಕಲ್ಲಿನಿಂದ ತಟ್ಟಿ. ಒಳಗೆ ಬಿರುಕಿಲ್ಲದ ಗಟ್ಟಿ ಕಲ್ಲು ಟಣ್ ಎನ್ನುತ್ತೆ. ಕೊಳೆತ ಕಲ್ಲು ದಬ್ ಎನ್ನುತ್ತೆ. ಶಿಲ್ಪಿಗಳು ಗಂಡು ಕಲ್ಲು, ಹೆಣ್ಣು ಕಲ್ಲು ಎಂದು ನಾದದ ಮೇಲೆಯೇ ವಿಂಗಡಿಸುತ್ತಾರೆ. ಅಪ್ಪ ಒರಳಿಗೆ ಕಲ್ಲು ಆರಿಸುವಾಗ ಹತ್ತು ಕಡೆ ತಟ್ಟಿ ಕೇಳುತ್ತಿದ್ದರು. ಒಂದೇ ಒಂದು ಕಡೆ ಸದ್ದು ಸತ್ತರೂ ಆ ಕಲ್ಲು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು.

ಕಲ್ಲು ಒಡೆಯಲೇಬೇಕಿದ್ದರೆ ಕಣ್ಣಿಗೆ ಕನ್ನಡಕ ಹಾಕಿ, ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಒಡೆಯಿರಿ. ಒಂದು ಸಲ ಹೊರಸಂಚಾರಕ್ಕೆ ಹೋದಾಗ ಚಕ್ಕೆ ಸಿಡಿದು ಹುಡುಗನೊಬ್ಬನ ಹುಬ್ಬಿನ ಮೇಲೆ ತಾಗಿತು. ಎರಡು ಹೊಲಿಗೆ ಹಾಕಬೇಕಾಯಿತು. ಕಣ್ಣಿಗೂ ಗಾಯಕ್ಕೂ ಅರ್ಧ ಇಂಚು ದೂರ. ಅವತ್ತಿನಿಂದ ನನ್ನ ಚೀಲದಲ್ಲಿ ಸುತ್ತಿಗೆ ಇದ್ದರೆ ಕನ್ನಡಕವೂ ಇರುತ್ತೆ.

ಹೆಣೆದದ್ದು, ಅಂಟಿದ್ದು, ಒತ್ತಿದ್ದು

ಈಗ ಶಿಲೆಯ ಬಗೆ. ಮೂರು ಹೆಸರು ಬಾಯಿಪಾಠ ಮಾಡೋದಕ್ಕಿಂತ ಒಂದೇ ಪ್ರಶ್ನೆ ಕೇಳಿ: ಈ ಕಾಳುಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ?

ಗ್ರಾನೈಟ್ ಜಲ್ಲಿಯಲ್ಲಿ ಕಾಳುಗಳ ನಡುವೆ ಸಂದೇ ಇಲ್ಲ. ಒಂದರೊಳಗೊಂದು ಹೆಣೆದುಕೊಂಡಿವೆ. ಕರಗಿದ ಶಿಲಾರಸ ಆರುವಾಗ ಕಾಳುಗಳು ಜಾಗಕ್ಕಾಗಿ ಒತ್ತರಿಸಿಕೊಂಡು ಬೆಳೆದದ್ದು ಹಾಗೆ. ಇದು ಅಗ್ನಿಶಿಲೆ. ಕಾಳು ದಪ್ಪ ಇದ್ದರೆ ನೆಲದ ಆಳದಲ್ಲಿ, ಲಕ್ಷಾಂತರ ವರ್ಷ ನಿಧಾನವಾಗಿ ಆರಿದೆ ಎಂದರ್ಥ. ಕಾಳು ಕಣ್ಣಿಗೇ ಕಾಣದಷ್ಟು ಸಣ್ಣ ಇದ್ದರೆ ನೆಲದ ಮೇಲೆ ಹರಿದು ಬೇಗ ಆರಿದ ಲಾವಾ. ಸಕ್ಕರೆ ಪಾಕವನ್ನು ಗರಗರ ತಿರುವಿ ಆರಿಸಿದರೆ ಸಣ್ಣ ರವೆ ಬರುತ್ತೆ. ಅದೇ ಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಅಲ್ಲಾಡಿಸದೆ ಇಟ್ಟರೆ ಕಲ್ಲುಸಕ್ಕರೆ. ವಿಜಯಪುರದ ಕರಿ ಬಸಾಲ್ಟ್ ರವೆ, ರಾಮನಗರದ ಬೆಟ್ಟದ ಗ್ರಾನೈಟ್ ಕಲ್ಲುಸಕ್ಕರೆ. ಮೊದಲನೆಯದು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಎರಡನೆಯದಕ್ಕೆ ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ, ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಅದು.

ಅಂದ ಹಾಗೆ, ಅಂಗಡಿಯಲ್ಲಿ ಬ್ಲ್ಯಾಕ್ ಗ್ರಾನೈಟ್ ಎಂದು ಮಾರುವ ಚಾಮರಾಜನಗರದ ಕಡೆಯ ಕರಿಕಲ್ಲು ಗ್ರಾನೈಟ್ ಅಲ್ಲ, ಡಾಲರೈಟ್ ಎಂಬ ಬೇರೆ ಅಗ್ನಿಶಿಲೆ. ಒಳ್ಳೆಯ ಕಲ್ಲೇ, ಧೈರ್ಯವಾಗಿ ಹಾಕಿಸಿ. ಆದರೆ ಒಲೆಕಟ್ಟೆಗೆ ಅಮೃತಶಿಲೆ ಹಾಕಿಸುವವರು ಮೊದಲು ಒಂದು ಚೂರು ಕೇಳಿ ತಂದು, ಅದರ ಮೇಲೆ ರಾತ್ರಿಯಿಡೀ ನಿಂಬೆಹೋಳು ಇಟ್ಟು ನೋಡಿ. ಬೆಳಗ್ಗೆ ಹೊಳಪು ಹೋದ ಗುರುತು ಕಾಣುತ್ತೆ. ಅದು ಕ್ಯಾಲ್ಸೈಟ್, ಹುಳಿಗೆ ಕರಗುತ್ತೆ.

ಎರಡನೆಯದು ಅಂಟಿದ ಕಲ್ಲು. ಕಡಲೆ ಮಿಠಾಯಿಯಲ್ಲಿ ಬೀಜ ಬೇರೆ, ಬೆಲ್ಲ ಬೇರೆ ಕಾಣುತ್ತಲ್ಲ, ಹಾಗೆ ಕಾಳು ಬೇರೆ, ಅಂಟು ಬೇರೆ. ಬಾದಾಮಿಯ ಮರಳುಗಲ್ಲನ್ನು ಹತ್ತಿರದಿಂದ ನೋಡಿ. ದುಂಡನೆ ಮರಳಿನ ಕಾಳು, ನಡುವೆ ಅಂಟು. ಚಾಲುಕ್ಯರು 578ರಲ್ಲಿ ಮೂರನೇ ಗುಹೆ ಮುಗಿಸಿದ್ದು ಇದೇ ಕಲ್ಲಿನಲ್ಲಿ. ದೂರ ನಿಂತು ನೋಡಿದರೆ ಬೆಟ್ಟದ ಮೈಮೇಲೆ ಪದರಗಳು. ಕೆಲವು ಕಡೆ ಆ ಪದರಗಳೊಳಗೆ ಓರೆ ಗೆರೆಗಳು ಇರುತ್ತವೆ. ಮರಳನ್ನು ನೀರೋ ಗಾಳಿಯೋ ಯಾವ ದಿಕ್ಕಿಗೆ ತಳ್ಳುತ್ತಿತ್ತು ಅನ್ನುವುದರ ಗುರುತು ಅದು. ಇದು ಪದರುಶಿಲೆ. ಶಹಾಬಾದ್ ಕಲ್ಲೂ ಪದರುಶಿಲೆಯೇ, ಅದಕ್ಕೇ ನೆಲಕ್ಕೆ ಹಾಸುವಷ್ಟು ಸಪಾಟಾಗಿ ಏಳುತ್ತೆ.

ಮೂರನೆಯದು ಒತ್ತಿದ ಕಲ್ಲು. ಮೆಂತ್ಯ ಸೊಪ್ಪು ಹಾಕಿ ರೊಟ್ಟಿ ತಟ್ಟುವಾಗ ಗಮನಿಸಿ. ಉಂಡೆಯೊಳಗೆ ಸೊಪ್ಪು ಹೇಗೆ ಬೇಕೋ ಹಾಗಿರುತ್ತೆ. ತಟ್ಟುತ್ತಾ ಹೋದಂತೆ ಎಲ್ಲ ಎಲೆಯೂ ಮಲಗಿಬಿಡುತ್ತೆ. ನೆಲದೊಳಗೆ ಬಿಸಿ ಮತ್ತು ಒತ್ತಡ ಬಿದ್ದಾಗ ಅಭ್ರಕದಂಥ ಖನಿಜಗಳು ಹೀಗೇ ಒಂದೇ ದಿಕ್ಕಿಗೆ ಮಲಗುತ್ತವೆ. ಕಲ್ಲು ಕರಗಿರುವುದಿಲ್ಲ, ಗಟ್ಟಿಯಾಗಿದ್ದುಕೊಂಡೇ ಬದಲಾಗಿರುತ್ತೆ. ಇದು ರೂಪಾಂತರ ಶಿಲೆ. ನಾವು ಬರೆದ ಸ್ಲೇಟು ಒಂದು ಕಾಲದ ಕೆಸರು. ಬಳಪದ ಕಲ್ಲೂ ರೂಪಾಂತರ ಶಿಲೆಯೇ. ಬೇಲೂರಿನಲ್ಲಿ 1117ರ ದೇವಸ್ಥಾನದ ಮದನಿಕೆಯರ ಬೆರಳು, ಬಳೆ ಅಷ್ಟು ನಯವಾಗಿ ಬಂದಿರುವುದಕ್ಕೆ ಶಿಲ್ಪಿಯ ಕೈ ಎಷ್ಟು ಕಾರಣವೋ ಆ ಮೆತ್ತನೆ ಕಲ್ಲೂ ಅಷ್ಟೇ ಕಾರಣ. ಬೆಂಗಳೂರಿನವರು ಲಾಲ್‌ಬಾಗ್ ಬಂಡೆ ಹತ್ತಿದಾಗ ಕಾಲಡಿ ನೋಡಿ. ಬಿಳಿ ಪಟ್ಟೆ, ಕರಿ ಪಟ್ಟೆ, ನಡುನಡುವೆ ಹಾವಿನಂತೆ ಮಡಚಿಕೊಂಡಿರುತ್ತವೆ. ಅದು ನೈಸ್ (gneiss) ಎಂಬ ರೂಪಾಂತರ ಶಿಲೆ, ಸುಮಾರು 300 ಕೋಟಿ ವರ್ಷ ಹಳೆಯದು. ಜನ ಅದರ ಮೇಲೆ ಕೂತು ಚುರುಮುರಿ ತಿಂದು, ಒಂದು ಸಲವೂ ಕೆಳಗೆ ನೋಡದೆ ಎದ್ದು ಹೋಗುವುದನ್ನು ಕಂಡರೆ ನನಗೆ ಸಂಕಟ ಆಗುತ್ತೆ.

ಕರಾವಳಿ, ಮಲೆನಾಡಿನ ಮುರಕಲ್ಲನ್ನು ಯಾವ ಗುಂಪಿಗೆ ಹಾಕಲಿ ಎಂದು ಮಕ್ಕಳು ಕೇಳುತ್ತಾರೆ. ಇದ್ದ ಜಾಗದಲ್ಲೇ ಮಳೆ ಮತ್ತು ಶಾಖಕ್ಕೆ ಸಿಕ್ಕಿ, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದ ಕಲ್ಲು ಅದು. ಬುಕಾನನ್ ಎಂಬಾತ 1807ರಲ್ಲಿ ಅದಕ್ಕೆ ಲ್ಯಾಟಿನ್‌ನ ಇಟ್ಟಿಗೆ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಮಲೆನಾಡಿನವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ.

ಚಕ್ರ ಎಲ್ಲಿ ಕಾಣುತ್ತೆ?

ಶಿಲಾಚಕ್ರ ಎಂದರೆ ಪುಸ್ತಕದಲ್ಲಿ ಬಾಣದ ಗುರುತಿನ ಚಿತ್ರ. ಅದನ್ನು ಬದಿಗಿಡಿ. ತಂದ ಎಂ-ಸ್ಯಾಂಡ್ ಮತ್ತು ಹೊಳೆ ಮರಳನ್ನು ಬಿಳಿ ಹಾಳೆ ಮೇಲೆ ಪಕ್ಕಪಕ್ಕ ಹರಡಿ.

ಎಂ-ಸ್ಯಾಂಡ್ ಕಾಳು ಚೂಪು, ಮೂಲೆ ಮೂಲೆ. ಬೆರಳಿಗೆ ಚುಚ್ಚುತ್ತೆ. ಅದರಲ್ಲಿ ನಸುಗೆಂಪು ಫೆಲ್ಡ್‌ಸ್ಪಾರ್, ಕರಿ ಅಭ್ರಕ, ಬೆಣಚು ಎಲ್ಲ ಇರುತ್ತೆ. ಜಲ್ಲಿಯನ್ನೇ ಇನ್ನೂ ಸಣ್ಣಗೆ ಪುಡಿ ಮಾಡಿದ್ದು ತಾನೆ! ಹೊಳೆ ಮರಳಿನ ಮೂಲೆಗಳು ಸವೆದಿರುತ್ತವೆ, ಕೈಗೆ ನುಣುಪು. ಮುಕ್ಕಾಲು ಪಾಲು ಬೆಣಚೇ. ಹಾಗಾದರೆ ಫೆಲ್ಡ್‌ಸ್ಪಾರ್ ಎಲ್ಲಿ ಹೋಯಿತು? ಮಳೆ ನೀರು ಅದನ್ನು ನಿಧಾನವಾಗಿ ಜೇಡಿಮಣ್ಣು ಮಾಡಿತು. ಆ ಜೇಡಿ ನೀರಲ್ಲಿ ತೇಲಿ ಮುಂದೆ ಹೋಯಿತು. ಬೆಣಚು ಕರಗಲ್ಲ, ಕೊಳೆಯಲ್ಲ, ಅದಕ್ಕೇ ಮರಳಾಗಿ ಉಳಿಯಿತು. ಒಂದೇ ಕಲ್ಲು. ಒಂದು ಹಿಡಿ ಕ್ರಷರ್‌ನಲ್ಲಿ ಕ್ಷಣದಲ್ಲಿ ಆದದ್ದು, ಇನ್ನೊಂದು ಹಿಡಿ ಬಿಸಿಲು, ಮಳೆ, ಹೊಳೆ ಸೇರಿ ಎಷ್ಟೋ ಸಾವಿರ ವರ್ಷ ಮಾಡಿದ್ದು. ಈ ಎರಡು ಹಿಡಿ ಮುಂದಿಟ್ಟು ನಾನು ಎರಡು ಪೀರಿಯಡ್ ಪಾಠ ಮಾಡಿದ್ದೇನೆ.

ನಮ್ಮೂರಿನಲ್ಲಿ ಆ ದಾರಿಯನ್ನು ನಡೆದೇ ನೋಡಬಹುದು. ದುರ್ಗದ ಗುಡ್ಡದ ಬಂಡೆಗಳು ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತವೆ. ಬುಡದಲ್ಲಿ ಗರಸು, ಅದರ ಕೆಳಗೆ ಹೊಲದ ಮಣ್ಣು. ಮಳೆಗಾಲದಲ್ಲಿ ಹಳ್ಳ ಕೆಂಪಾಗಿ ಹರಿಯುತ್ತೆ. ಬಾಬಾಬುಡನ್‌ಗಿರಿ ಕಡೆಯಿಂದ ಬರುವ ವೇದಾವತಿಯೂ ಹೀಗೇ ಕಲ್ಲಿನ ಪುಡಿ ಹೊತ್ತು ತಂದು ಮಾರಿಕಣಿವೆ ಜಲಾಶಯದಲ್ಲಿ ಇಳಿಸುತ್ತಾಳೆ. 2022ರಲ್ಲಿ, 89 ವರ್ಷದ ಮೇಲೆ ಆ ಕೆರೆ ಕೋಡಿ ಬಿದ್ದಾಗ ಊರೂರೇ ನೀರು ನೋಡೋಕೆ ಹೋಯಿತು, ನಾನೂ ಹೋಗಿದ್ದೆ. ಎಲ್ಲರೂ ಕೋಡಿಯ ನೀರು ನೋಡುತ್ತಿದ್ದರು. ನನಗೆ ಆ ನೀರಿನ ತಳದಲ್ಲಿ ವರ್ಷ ವರ್ಷ ಕೂರುತ್ತಿರುವ ಹೂಳಿನ ಪದರಗಳದ್ದೇ ಯೋಚನೆ. ಅಂಥ ಪದರಗಳ ಮೇಲೆ ಇನ್ನೂ ಪದರ ಬಿದ್ದು, ಹೂತು, ಅಂಟಿಕೊಂಡರೆ ಪದರುಶಿಲೆ. ಇನ್ನೂ ಆಳಕ್ಕೆ ಹೋಗಿ ಬಿಸಿಗೆ, ಒತ್ತಡಕ್ಕೆ ಸಿಕ್ಕರೆ ರೂಪಾಂತರ. ಅಲ್ಲೂ ನಿಲ್ಲದೆ ಕರಗಿದರೆ ಮತ್ತೆ ಶಿಲಾರಸ. ಆಳಕ್ಕೆ ಹೋದದ್ದು ಮೇಲೂ ಬರುತ್ತೆ. ಎವರೆಸ್ಟ್ ತುದಿಯ ಕಲ್ಲು ಹಿಂದೊಮ್ಮೆ ಸಮುದ್ರದ ತಳದಲ್ಲಿದ್ದ ಸುಣ್ಣದ ಕಲ್ಲು.

ಒಂದು ತಪ್ಪು ಮಾಡಬೇಡಿ. ಚಕ್ರ ಎಂದ ಮಾತ್ರಕ್ಕೆ ಅಗ್ನಿ, ಪದರು, ರೂಪಾಂತರ ಎಂದು ಸಾಲಾಗಿಯೇ ಸುತ್ತಬೇಕು ಎಂದಿಲ್ಲ. ಪದರುಶಿಲೆ ಮತ್ತೆ ಸವೆದು ಹೊಸ ಪದರುಶಿಲೆ ಆಗಬಹುದು. ಅಗ್ನಿಶಿಲೆ ನೇರವಾಗಿ ರೂಪಾಂತರ ಆಗಬಹುದು. ಇದನ್ನು ಕಣ್ಣಾರೆ ನೋಡಬೇಕಾದರೆ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಬನ್ನಿ. ಅಲ್ಲಿ ಬಂಡೆಯ ಮೇಲೆ ದಿಂಬುಗಳನ್ನು ಪೇರಿಸಿಟ್ಟ ಹಾಗೆ ಕಾಣುತ್ತೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ, ನೀರು ತಾಗಿದ ತಕ್ಷಣ ಹೊರಮೈ ಗಟ್ಟಿಯಾಗಿ ಒಂದೊಂದು ದಿಂಬಾಯಿತು. ಒಂದು ದಿಂಬಿನ ಮುಂದೆ ಕೂತು ನೋಡಿ. ಮೇಲ್ಭಾಗ ಉಬ್ಬಿರುತ್ತೆ. ಕೆಳಭಾಗ ಮಾತ್ರ, ಅಡಿಯ ಎರಡು ದಿಂಬುಗಳ ಸಂದಿಗೆ ಮೂತಿಯಂತೆ ಇಳಿದಿರುತ್ತೆ, ಯಾಕೆಂದರೆ ಅದು ಬಂದು ಕೂತಾಗ ಇನ್ನೂ ಮೆತ್ತಗಿತ್ತು. ಈ ಉಬ್ಬು, ಮೂತಿ ನೋಡಿದರೆ ಆ ಕಾಲದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗುತ್ತೆ. ಇನ್ನು ಬಣ್ಣ ಗಮನಿಸಿ, ಬೂದು ಬಣ್ಣದೊಳಗೆ ಸ್ವಲ್ಪ ಹಸಿರು. ಲಾವಾ ಆಮೇಲೆ ನೆಲದೊಳಗೆ ಬೆಂದು, ಒತ್ತಿಸಿಕೊಂಡಾಗ ಹುಟ್ಟಿದ ಕ್ಲೋರೈಟ್ ಎಂಬ ಖನಿಜದ ಬಣ್ಣ ಅದು. ಆಕಾರ ಅಗ್ನಿಶಿಲೆಯದು, ಮೈ ರೂಪಾಂತರದ್ದು.

ಮರಡಿಹಳ್ಳಿ, ಲಾಲ್‌ಬಾಗ್, ಉಡುಪಿಯ ಸೇಂಟ್ ಮೇರೀಸ್ ದ್ವೀಪ, ಇವೆಲ್ಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಸುತ್ತಿಗೆ ಚೀಲದಿಂದ ತೆಗೆಯಲೇಬೇಡಿ. ಬಿದ್ದ ಚೂರನ್ನೂ ತರಬೇಡಿ, ಫೋಟೋ ಸಾಕು. ಕೋಟೆ, ದೇವಸ್ಥಾನಗಳಲ್ಲೂ ಅಷ್ಟೇ. ಕೋಟೆಯ ಬಂಡೆಗಳಲ್ಲಿ ಸಾಲಾಗಿ ಕೊರೆದ ಸಣ್ಣ ಗುಂಡಿಗಳು ಕಂಡರೆ ನಿಂತು ನೋಡಿ. ಅದರಲ್ಲಿ ಬೆಣೆ ಹೊಡೆದು ಬಂಡೆ ಸೀಳುತ್ತಿದ್ದರು. ಅಪ್ಪನೂ ಅದನ್ನೇ ಮಾಡುತ್ತಿದ್ದರು.

ನೀವು ತಂದ ಕಲ್ಲಿಗೆ ಅವತ್ತೇ ನಂಬರ್ ಹಾಕಿ. ವೈಟ್ನರ್‌ನಿಂದ ಒಂದು ಚುಕ್ಕಿ ಹಚ್ಚಿ, ಒಣಗಿದ ಮೇಲೆ ಪೆನ್ನಿನಲ್ಲಿ ಅಂಕಿ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಅದೇ ಅಂಕಿಯ ಮುಂದೆ ಸಿಕ್ಕ ಜಾಗ, ತಾರೀಕು, ಮಾಡಿದ ಪರೀಕ್ಷೆ ಬರೆಯಿರಿ. ನಾಳೆ ಬರೆದರಾಯಿತು ಎಂದರೆ ಯಾವ ಕಲ್ಲು ಎಲ್ಲಿಯದು ಎಂದು ಮರೆತೇ ಹೋಗುತ್ತೆ. ನನ್ನ ಪುಸ್ತಕದ 17ನೇ ಸಾಲು ಹೀಗಿದೆ: "ಹಿರಿಯೂರು ದಾರಿ, ಹಳ್ಳದ ದಂಡೆ. ಬೂದು, ಸಣ್ಣ ಕಾಳು. ಗಾಜು ಗೀರಿತು. ವಿನಿಗರ್‌ಗೆ ಗುಳ್ಳೆ ಇಲ್ಲ. ಸಾಂದ್ರತೆ 2.7. ಅಂಟಿದ್ದೋ ಒತ್ತಿದ್ದೋ?" ಆ ಪ್ರಶ್ನೆ ಹಾಗೇ ಇದೆ. ಮಳೆ ನಿಂತ ಮೇಲೆ ಆ ಹಳ್ಳಕ್ಕೆ ಇನ್ನೊಂದು ಸಲ ಹೋಗಬೇಕು.